ಮೂರನೇ ವರ್ಷನ್ನಿನ ಮಳೆಗಾಲ

ಕಳೆದ ತಿಂಗಳು ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ಹತ್ತಿ ನನ್ನ ಪಕ್ಕ ಕೂತ. ಹೊರಗೆ ಮಳೆ ಹಿಡಿದಿತ್ತು. ನೆಂದ ಕರಿ ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. ಅದರಿಂದ ಎದ್ದ ಉಣ್ಣೆಯ ವಾಸನೆಗೆ ಮುಂದಿನ ಸೀಟಿನ ಹುಡುಗಿ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡಳು. ನನಗೆ ಅದು ಬೇರೆಯೇ ಕಾಟ ಕೊಡುತ್ತದೆ. ಆ ವಾಸನೆ ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ, ಯಾವುದೋ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದೇನೆ ಅನ್ನಿಸಿ ಎದ್ದು ಓಡಬೇಕೆನಿಸುತ್ತದೆ. ಬ್ಯಾಗಿನ ಜಿಪ್ಪಿಗೆ ಕಟ್ಟಿಕೊಂಡಿರುವ ತಗಡಿನ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಕಿಟಕಿಯ ಕಡೆ ಮುಖ ಮಾಡಿದೆ.

ಕೆಲವು ವರ್ಷಗಳ ಹಿಂದೆ ನಾನು ಚಿತ್ರದುರ್ಗದ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಪುಟ್ಟದೆಂದರೆ ನಿಜಕ್ಕೂ ಪುಟ್ಟದು. ಮಿರ್ಚಿ ಮಂಡಕ್ಕಿ ಅಂಗಡಿಯ ಮೇಲಿನ ಎರಡು ರೂಮು, ಐದು ಜನ. ಸಂಜೆಯಾದರೆ ಕೆಳಗಿನ ಬಾಣಲೆಯ ಹೊಗೆ ಕಿಟಕಿಯಿಂದ ಬಂದು ನಮ್ಮ ತಲೆಕೂದಲಿಗೆ ಅಂಟುತ್ತಿತ್ತು. ಕುರಿ ಸಾಕುವವರ ಸಂಘವೊಂದಕ್ಕೆ ನಾವು ಲಸಿಕೆಯ ದಾಖಲೆ ಇಡುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಆ ಸಂಘದ ಕೇಂದ್ರಗಳಿದ್ದವು. ಕಿವಿ ಚುಚ್ಚಿ ನಂಬರು ಹಾಕಿಸಲು ಕುರಿಗಾರರು ಒಪ್ಪಿರಲಿಲ್ಲವಾದ್ದರಿಂದ ಪ್ರತಿ ಕುರಿಯ ಕೊರಳಿಗೂ ಉಣ್ಣೆದಾರದಲ್ಲಿ ನಂಬರಿನ ಬಿಲ್ಲೆ ಕಟ್ಟಿದ್ದರು. ಆ ನಂಬರು ಹಾಕಿದರೆ ಕುರಿಗೆ ಯಾವ ಲಸಿಕೆ ಆಗಿದೆ, ಯಾವುದು ಆಗಬೇಕು ಎಂದು ಕಂಪ್ಯೂಟರು ತೋರಿಸುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಅವತ್ತಿನ ಪಟ್ಟಿ ಕೇಂದ್ರಕ್ಕೆ ಹೋಗುತ್ತಿತ್ತು. ಪಟ್ಟಿಯಲ್ಲಿ ಎಷ್ಟು ನಂಬರೋ ಅಷ್ಟೇ ಮದ್ದು ಫ್ರಿಜ್ಜಿನಿಂದ ಹೊರಗೆ ಬರುತ್ತಿತ್ತು.

ಹಳ್ಳಿಗಳಲ್ಲಿ ಓಡುತ್ತಿದ್ದದ್ದು ಮೂರನೇ ವರ್ಷನ್. ಅದಕ್ಕೆ ಎಂಟು ವರ್ಷ ವಯಸ್ಸಾಗಿತ್ತು. ಬರೆದವರು ಯಾರೂ ಕಂಪನಿಯಲ್ಲಿ ಉಳಿದಿರಲಿಲ್ಲ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕಳಚಿಕೊಳ್ಳುತ್ತಿತ್ತು. ಮುಂದಿನ ರೂಮಿನಲ್ಲಿ ಮೂವರು ನಾಲ್ಕನೇ ವರ್ಷನ್ ಕಟ್ಟುತ್ತಿದ್ದರು, ಫ್ಯಾನು ಅವರ ತಲೆಯ ಮೇಲಿತ್ತು. ಹಿಂದಿನ ರೂಮಿನಲ್ಲಿ ನಾನು ಮತ್ತು ಮೂರನೇ ವರ್ಷನ್ನಿನ ಮೇಲೆ ಬಂದ ದೂರುಗಳ ಪಟ್ಟಿ. ನಾನು ಸೇರಿದ ದಿನ ಅದರಲ್ಲಿ ಮುನ್ನೂರ ನಲವತ್ತು ದೂರುಗಳಿದ್ದವು.

ಕಂಪನಿಯ ಯಜಮಾನರು ತಿಪ್ಪೇಶ್. ಹೊಸದುರ್ಗದ ಕಡೆಯ ಕುರಿಗಾರರ ಮನೆಯಿಂದ ಓದಿ ಮೇಲೆ ಬಂದವರು. ಮನುಷ್ಯ ಕೆಟ್ಟವರಲ್ಲ, ಆದರೆ ಸದಾ ಯಾರೋ ಹಿಂದೆ ಬಿದ್ದವರಂತೆ ಓಡಾಡುತ್ತಿದ್ದರು. ಮೊದಲ ದಿನವೇ ಹೇಳಿದ್ದರು: "ನೋಡಮ್ಮ ಉಮಾ, ಮಳೆಗಾಲ ಮುಗಿಯೋದ್ರೊಳಗೆ ನಾಲ್ಕನೇದು ಹೊರಗೆ ಬಿಡ್ಬೇಕು. ಅಷ್ಟರಾಗೆ ಈ ಪಟ್ಟಿ ಸೊನ್ನೆ ಆಗ್ಬೇಕು. ಹಳೇ ದೂರು ಇಟ್ಕಂಡು ಹೊಸದು ಕೊಡಾಕೆ ಹೋದ್ರೆ ಸಂಘದೋರು ನನ್ ಮುಖ ನೋಡಲ್ಲ."

ನಾನು ಹಟದವಳು. ಸೊನ್ನೆ ಅಂದರೆ ಸೊನ್ನೆ. ಒಂದು ದೂರನ್ನು ಮುಗಿಸಲು ನಾಲ್ಕು ದಾರಿಗಳಿದ್ದವು. ಸರಿ ಮಾಡಿ ಮುಗಿಸುವುದು ಒಂದು, ಅದು ಕಷ್ಟದ್ದು. ಉಳಿದವು ಸುಲಭ. 'ಇದು ಇನ್ನೊಂದು ದೂರಿನಂತೆಯೇ ಇದೆ' ಎನ್ನಬಹುದಿತ್ತು. 'ಹೊಸ ವರ್ಷನ್ನಿನಲ್ಲಿ ನೋಡೋಣ' ಎನ್ನಬಹುದಿತ್ತು. ಎಲ್ಲಕ್ಕಿಂತ ಸಲೀಸಾದದ್ದು 'ನಮ್ಮಲ್ಲಿ ಸರಿಯಾಗಿದೆ'. ಅದನ್ನು ಬರೆದು ಗುಂಡಿ ಒತ್ತಿದರೆ ದೂರು ಕಣ್ಣೆದುರೇ ಪಟ್ಟಿಯಿಂದ ಮಾಯ. ಹೊಸದುರ್ಗದ ಕೇಂದ್ರದಲ್ಲಿ ಕರೆಂಟು ಮಿಣುಕಿದರೆ ಅರ್ಧ ಪುಟ ಬರಿದಾಗಿ ಪ್ರಿಂಟಾಗುತ್ತಿತ್ತು. ಹೊಳಲ್ಕೆರೆಯಲ್ಲಿ ಒಂದೇ ಹೆಸರಿನ ಎರಡು ಹಳ್ಳಿಗಳ ಕುರಿಗಳು ಬೆರೆತು ಹೋಗುತ್ತಿದ್ದವು. ಒಂದಷ್ಟನ್ನು ನಿಜಕ್ಕೂ ಸರಿ ಮಾಡಿದೆ, ಅದರಲ್ಲಿ ಸುಳ್ಳಿಲ್ಲ. ಆದರೆ ದಿನ ಕಳೆದಂತೆ ನನಗೆ ದೂರು ಓದುವುದಕ್ಕಿಂತ ಸಂಖ್ಯೆ ಇಳಿಯುವುದನ್ನು ನೋಡುವುದೇ ಚಟವಾಯಿತು. ಊಟಕ್ಕೆ ಎದ್ದರೂ ಮನಸ್ಸು ಅಲ್ಲೇ. ಇನ್ನೂರು, ನೂರ ಐವತ್ತು, ತೊಂಬತ್ತು.

ಆ ವರ್ಷ ಗಾಳಿಯೂ ಹಾಗೇ ಇತ್ತು. ರೋಹಿಣಿ ಬಂದರೂ ಮಳೆಯಿಲ್ಲ, ಬರೀ ಗಾಳಿ. ಕೋಟೆಯ ಕಡೆಯಿಂದ ನುಗ್ಗಿ ಬಂದು ಕಿಟಕಿ ಬಾಗಿಲು ಬಡಿಯುತ್ತಿತ್ತು, ಮೇಜಿನ ಮೇಲಿನ ಕಾಗದ ಹಾರಿಸುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದು ಕ್ಷಣವೂ ನಿಲ್ಲದೆ ಸುತ್ತುತ್ತಿದ್ದವು. ಅವನ್ನು ನೋಡಿ ನೋಡಿ ನನಗೆ ತಲೆ ಸುತ್ತುತ್ತಿತ್ತು.

ಆ ದಿನಗಳಲ್ಲೇ ಜವನಗೊಂಡನಹಳ್ಳಿ ಕೇಂದ್ರದಿಂದ ದೂರು ಬಂತು. ಬರೆದವನು ಓಬಣ್ಣ, ಅಲ್ಲಿ ಲಸಿಕೆ ಹಾಕುವವನು. 'ಕೆಂಚಮ್ಮನ ಹಿಂಡಿನ ಏಳು ಮರಿಗೆ ಕರುಳುಬೇನೆ ಲಸಿಕೆ ಆಗಬೇಕು. ಆಗಿದೆ ಅಂತ ತೋರಿಸುತ್ತೆ. ಪಟ್ಟಿಗೆ ಬರ್ತಿಲ್ಲ.' ಕರುಳುಬೇನೆ ಮಳೆಗಾಲದ ರೋಗ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಆಸೆಯಿಂದ ಮೇಯ್ದ ಮರಿಗಳು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತವೆ. ಮಳೆಗೆ ಮೊದಲೇ ಲಸಿಕೆ ಆಗಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆ ಏಳು ನಂಬರುಗಳನ್ನು ಹಾಕಿ ನೋಡಿದೆ. ಒಂದಕ್ಕೆ ಆರು ವರ್ಷ, ಒಂದಕ್ಕೆ ಏಳು ವರ್ಷ, ಎಲ್ಲವೂ ಬಲಿತ ಕುರಿಗಳು. ಎಲ್ಲಕ್ಕೂ ಆ ವರ್ಷದ ಲಸಿಕೆ ಆಗಿತ್ತು. ಕಂಪ್ಯೂಟರಿನದ್ದೇನೂ ತಪ್ಪಿರಲಿಲ್ಲ. 'ನಮ್ಮಲ್ಲಿ ಸರಿಯಾಗಿದೆ' ಎಂದು ಬರೆದು ಮುಗಿಸಿದೆ.

ಮಾರನೇ ದಿನ ಓಬಣ್ಣ ಅದನ್ನೇ ಮತ್ತೆ ತೆರೆದ. 'ನಂಬರು ತಪ್ಪಾಗಿ ಹಾಕಿದ್ದೀರಿ' ಎಂದು ಬರೆದು ಮತ್ತೆ ಮುಚ್ಚಿದೆ. ಮೂರನೇ ದಿನ ಅದನ್ನು ಮತ್ತೆ ತೆರೆದು ಫೋನೇ ಮಾಡಿದ.

"ಮೇಡಮ್ಮೋರೆ, ನಂಬರು ಸರಿ ಐತ್ರಿ. ಬಿಲ್ಲೆ ತಾಯಿದು, ಅದು ಈಗ ಮರಿ ಕೊಳ್ಳಾಗೆ..."

ಕಿಟಕಿ ಢಮಾರೆಂದು ಬಡಿಯಿತು. ಪಟ್ಟಿಯಲ್ಲಿ ಅವತ್ತು ಹದಿನಾಲ್ಕು ಉಳಿದಿದ್ದವು. ಬಾಗಿಲಲ್ಲಿ ತಿಪ್ಪೇಶ್ ನಿಂತು ಕೈಸನ್ನೆಯಲ್ಲೇ ಎಷ್ಟು ಎಂದು ಕೇಳುತ್ತಿದ್ದರು.

"ಓಬಣ್ಣ, ಕನ್ನಡಕ ಹಾಕ್ಕೊಂಡು ನಂಬರ್ ಓದಿ. ಮರಿ ನಂಬರ್ ಬೇರೆ ಇರುತ್ತೆ, ತಾಯಿ ನಂಬರ್ ಬೇರೆ ಇರುತ್ತೆ. ಇಷ್ಟು ವರ್ಷ ಕೆಲಸ ಮಾಡಿ ಇದೂ ಗೊತ್ತಾಗಲ್ವಾ?" ಎಂದೆ.

"ಆಯ್ತು ಬಿಡ್ರಿ ಮೇಡಮ್ಮೋರೆ" ಎಂದು ಫೋನಿಟ್ಟ. ನನ್ನ ಅಪ್ಪನ ವಯಸ್ಸಿನವನು. ನಾನು ದೂರು ಮುಚ್ಚಿದೆ. ಹದಿಮೂರು ಉಳಿಯಿತು.

ಮೃಗಶಿರಾ ಹೊಕ್ಕ ಮೇಲೆ ಮಳೆ ಬಂತು. ಪ್ರತಿ ವರ್ಷ ಹೊಳಲ್ಕೆರೆ ಕಡೆ ಮೊದಲು ಬೀಳುವ ಮಳೆ ಆ ವರ್ಷ ಆ ಕಡೆ ಸುಳಿಯದೆ, ಮೋಡವನ್ನು ಆಸೆಗಣ್ಣಲ್ಲಿ ನೋಡುವ ಜವನಗೊಂಡನಹಳ್ಳಿ ಸುತ್ತಲೇ ಎರಡು ದಿನ ಹದವಾಗಿ ಬಿತ್ತು. ವಾರ ಕಳೆದ ಮೇಲೆ ಓಬಣ್ಣನ ಫೋನು ಬಂತು. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ಮೇಡಮ್ಮೋರೆ, ಆವತ್ತು ಹೇಳಿದ್ನಲ್ಲ ಕೆಂಚಮ್ಮನ ಮರಿ. ಏಳರಾಗೆ ಐದು ಹೋದ್ವು. ದೂರು ಬರಿಯಾಕಲ್ಲ ಫೋನ್ ಮಾಡಿದ್ದು. ಸುಮ್ಕೆ ಹೇಳಾಣ ಅಂತ."

ರಜೆ ಕೇಳದೆಯೇ ಬ್ಯಾಗು ತಗೊಂಡು ಕೆಳಗಿಳಿದು ಹಿರಿಯೂರಿನ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಎರಡೂ ಕಡೆ ಬೆರಳುದ್ದದ ಹೊಸ ಹುಲ್ಲು. ಬೇರೆ ವರ್ಷವಾಗಿದ್ದರೆ ಆ ಹಸಿರು ಕಂಡು ಖುಷಿಪಡುತ್ತಿದ್ದೆ.

ಓಬಣ್ಣ ಸ್ಟಾಪಿಗೆ ಬಂದಿದ್ದ. ಬೈಕಿನಲ್ಲಿ ಊರಾಚೆಯ ಕುರಿರೊಪ್ಪಕ್ಕೆ ಕರೆದುಕೊಂಡು ಹೋದ. ಮುಳ್ಳುಬೇಲಿಯೊಳಗೆ ಕುರಿಗಳು ಒತ್ತಿಕೊಂಡು ನಿಂತಿದ್ದವು. ಬೆಳಗಿನ ತುಂತುರಿಗೆ ಉಣ್ಣೆ ನೆಂದು ಆ ವಾಸನೆ ಇಡೀ ಬಯಲಿಗೆ ಹಬ್ಬಿತ್ತು. ಕೆಂಚಮ್ಮ ಕಲ್ಲಿನ ಮೇಲೆ ಕೂತು ಉಣ್ಣೆದಾರ ಹೊಸೆಯುತ್ತಿದ್ದಳು. ಅರವತ್ತು ದಾಟಿದ, ಗಟ್ಟಿ ಕೈಗಳ ಹೆಂಗಸು. ಬೇಲಿಗೆ ನೆಟ್ಟ ಗೂಟದಲ್ಲಿ ಐದು ಬಿಲ್ಲೆಗಳು ನೇತಾಡುತ್ತಿದ್ದವು. ಗಾಳಿಗೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

"ಪಟ್ಟಿ ಬರಿಯೋಳು ನೀನೇನವ್ವ?" ಎಂದಳು ಕೆಂಚಮ್ಮ.

"ಹೌದು."

"ಕುಂತ್ಕ."

ನಾನು ಕೂರಲಿಲ್ಲ. ಆ ಹೊತ್ತಿಗೆ ಕೂತಿದ್ದರೆ ಅತ್ತುಬಿಡುತ್ತಿದ್ದೆ. ಬಿಲ್ಲೆ ಮರಿಯ ಕೊರಳಿಗೆ ಹೇಗೆ ಬಂತು ಎಂದು ಕೇಳಿದೆ. ಕೇಳಬೇಕಾದ ದಿನ ಕೇಳದೆ, ಐದು ಮರಿ ಸತ್ತ ಮೇಲೆ ಕೇಳಿದೆ.

ಅವಳು ನನಗೆ ಅಷ್ಟೂ ತಿಳಿಯದೇ ಎಂಬಂತೆ ಓಬಣ್ಣನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ತಾಯಿ ಸತ್ರೂ ಅಷ್ಟೇ, ಸಂತಿಗೆ ಕೊಟ್ರೂ ಅಷ್ಟೇ, ಕೊಳ್ಳಾಗಿನ ಬಿಲ್ಲೆ ಬಿಚ್ಚಿ ಮಗಳಿಗೆ ಕಟ್ತೀವಿ. ಮೊದ್ಲು ಗೆಜ್ಜೆ ಕಟ್ತಿದ್ವಿ, ಈಗ ಬಿಲ್ಲೆ. ಬಿಲ್ಲೆ ಒಂದು ಕುರಿದಲ್ಲ ಕಣವ್ವ, ತಾಯಿ ಮಗಳು ಮೊಮ್ಮಗಳು ಅಂತ ನಡ್ಯೋ ಆ ಮನೆದು. ಯುಗಾದಿ ಆದ್ಮೇಲೆ ಏಳು ವಯಸ್ಸಾದವನ್ನ ಕೊಟ್ವಿ. ಅವುಗಳ ಮಕ್ಕಳಿಗೆ ಕಟ್ಟಿದ್ವಿ."

ವಯಸ್ಸಾದ ಆ ಏಳು ತಾಯಂದಿರಿಗೆ ಸಂತೆಗೆ ಹೋಗುವ ಮೊದಲೇ ಲಸಿಕೆ ಆಗಿತ್ತು. ಅದೇ ನಂಬರು ಕೊರಳಿಗೆ ಬಿದ್ದ ಕೂಡಲೇ ಕಂಪ್ಯೂಟರಿನ ಪಾಲಿಗೆ ಮರಿಗಳಿಗೂ ಲಸಿಕೆ ಆದಂತಾಯಿತು. ಸಂಘದವರು ಮರಿಗಳಿಗೆಂದು ಹೊಸ ಬಿಲ್ಲೆ ಕೊಡುತ್ತಿದ್ದದ್ದು ನಿಜ. ತಾಯಿಯ ಬಿಲ್ಲೆ ಸಿಕ್ಕ ಮರಿಗೆ ಆ ಹೊಸದನ್ನು ಕಟ್ಟುವವರು ಯಾರೂ ಇರಲಿಲ್ಲ. ಓಬಣ್ಣ ಫೋನಿನಲ್ಲಿ ಹೇಳಹೊರಟಿದ್ದು ಇದನ್ನೇ. ಅರ್ಧ ವಾಕ್ಯ ಹೇಳಿಯೂ ಇದ್ದ.

"ತಪ್ಪು ನಂದು. ಇವರು ಮೂರು ಸಲ ಹೇಳಿದ್ರು. ನಾನು ಕೇಳಲಿಲ್ಲ" ಎಂದೆ.

ಕೆಂಚಮ್ಮ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ದಾರ ಹೊಸೆಯುತ್ತಲೇ ಇದ್ದಳು. ಏನಾದರೂ ಮಾತಾಡಬೇಕಲ್ಲ ಎಂದು ನಾನು ಹಿಂಡಿನಲ್ಲಿ ಈಗ ಒಟ್ಟು ಎಷ್ಟಿವೆ ಎಂದು ಕೇಳಿಬಿಟ್ಟೆ. ಓಬಣ್ಣ ಬೇಡವೆಂಬಂತೆ ಕಣ್ಣಲ್ಲೇ ಸನ್ನೆ ಮಾಡಿದ.

"ಇರಾವನ್ನ ನಾವು ಎಣಿಸಲ್ಲ ಕಣವ್ವ" ಎಂದಳು ಕೆಂಚಮ್ಮ. "ಮುಖ ನೋಡಿದ್ರೆ ಗೊತ್ತಾಗತೈತೆ ಯಾವ್ದು ಬಂದಿಲ್ಲ ಅಂತ. ಹೋದಾವನ್ನ ಎಣಿಸ್ತೀವಿ. ಅಲ್ಲಿ ನೋಡು." ಗೂಟದ ಕಡೆ ಗದ್ದ ತಿರುಗಿಸಿದಳು.

ಚಿತ್ರದುರ್ಗಕ್ಕೆ ವಾಪಸ್ ಬರುವಾಗ ನನ್ನ ತಲೆಯಲ್ಲಿ ಅದೊಂದೇ ಮಾತು. ಅಷ್ಟು ತಿಂಗಳು ನಾನು ಎಣಿಸಿದ್ದೆಲ್ಲ ಪಟ್ಟಿಯಲ್ಲಿ ಉಳಿದವನ್ನು. ಹೋದವನ್ನು ಒಂದು ಸಲವೂ ತಿರುಗಿ ನೋಡಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನೇ ಮುಚ್ಚಿದ ದೂರುಗಳನ್ನು ಒಂದೊಂದಾಗಿ ತೆರೆದು ಓದುತ್ತಾ ಕೂತೆ. ಹೊಸದುರ್ಗದಿಂದ: 'ಸಂತೆಗೆ ಹೋದ ಕುರಿ ಇನ್ನೂ ಇದೆ ಅಂತ ತೋರಿಸುತ್ತೆ.' ಹೊಳಲ್ಕೆರೆಯಿಂದ: 'ಕುರಿಯ ವಯಸ್ಸು ಹದಿನಾರು ಅಂತ ಬರ್ತಿದೆ.' ಬಿ.ದುರ್ಗ ಕೇಂದ್ರದಿಂದ, ಎಲ್ಲಕ್ಕಿಂತ ಹಳೆಯದು: 'ಮರಿಗಳು ಪಟ್ಟಿಯಲ್ಲಿ ಇಲ್ಲ.' ಮೊದಲನೆಯದನ್ನು ಹೊಸ ವರ್ಷನ್ನಿಗೆ ತಳ್ಳಿದ್ದೆ. ಹದಿನಾರು ವರ್ಷದ ಕುರಿಯನ್ನು ಮುಂದಿನ ರೂಮಿನವರಿಗೆ ತೋರಿಸಿ ನಕ್ಕು ಮುಚ್ಚಿದ್ದೆ. ಬಿ.ದುರ್ಗದ್ದಕ್ಕೆ ಕಾರಣ ಬರೆಯುವ ಗೋಜಿಗೂ ಹೋಗಿರಲಿಲ್ಲ. ನಾಲ್ಕು ಊರಿನವರು ನಾಲ್ಕು ಥರ ಬರೆದದ್ದು ಒಂದೇ ಮಾತನ್ನು. ಮಧ್ಯಾಹ್ನದ ಹೊತ್ತಿಗೆ ಹದಿಮೂರಿದ್ದ ಪಟ್ಟಿ ಎಪ್ಪತ್ತು ದಾಟಿತ್ತು.

ತಿಪ್ಪೇಶ್ ಓಡಿ ಬಂದರು. "ಏನಮ್ಮ ಇದು? ಸೋಮವಾರ ಸಂಘದೋರು ಬರ್ತಾರೆ. ಪಟ್ಟಿ ಹಿಂಗ್ ಊದ್ಕಂಡೈತೆ. ತಲೆ ಸರಿ ಐತಾ ನಿಂಗೆ?"

ನಾನು ಹೇಳಿದೆ. ಐದು ಮರಿ, ಬಿಲ್ಲೆ, ತಾಯಿ, ಮಗಳು. ಹೇಳುತ್ತಾ ಹೋದಂತೆ ಅವರ ಮುಖದ ಸಿಟ್ಟು ಇಳಿಯಿತು. ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ.

"ನಮ್ಮಜ್ಜಿ ಹಂಗೇ ಕಟ್ತಿದ್ಲು" ಎಂದರು. "ಗೆಜ್ಜೆ ಬಿಚ್ಚಿ ಮಗಳಿಗೆ. ನಾನೇ ಹಿಡ್ಕಂಡು ನಿಂತಿರ್ತಿದ್ದೆ. ನಂಗೆ ಗೊತ್ತಿತ್ತಲ್ಲೇ ಉಮಾ. ಗೊತ್ತಿದ್ದೂ ಈ ನಂಬರಿಗೂ ಅದುಕ್ಕೂ ಸಂಬಂಧ ಐತೆ ಅಂತ ಒಂದಿನ ಹೊಳೀಲಿಲ್ಲ."

ಮೂರನೇ ವರ್ಷನ್ನನ್ನು ಆ ಗಡಿಬಿಡಿಯಲ್ಲಿ ತಿದ್ದುವುದು ಆಗದ ಮಾತು. ಉಪಾಯ ಹೇಳಿದವನು ಓಬಣ್ಣ, ಫೋನಿನಲ್ಲಿ. ಈ ಸಲ ನಾನು ಅವನ ವಾಕ್ಯ ಮುಗಿಯುವ ತನಕ ಕಾದೆ. "ಬಾಯಿ ತೆಗ್ಸಿ ಹಲ್ಲು ನೋಡ್ರಿ ಮೇಡಮ್ಮೋರೆ. ನಿಮ್ ಕಂಪ್ಯೂಟ್ರು ಏಳು ವರ್ಷ ಅಂತತೆ, ಬಾಯಾಗೆ ಹಾಲಲ್ಲು ಇರ್ತವೆ. ಅಂಥಾವುಕ್ಕೆಲ್ಲ ಹಾಕಾಣ." ಅಷ್ಟೇ. ಬಲಿತ ಕುರಿಗಳ ನಂಬರುಗಳನ್ನೆಲ್ಲ ಊರುವಾರು ಪ್ರಿಂಟು ತೆಗೆದೆವು. ಪಟ್ಟಿಯಲ್ಲಿ ಇಲ್ಲದ ಮರಿಗೂ ಮದ್ದು ಕೊಡಬೇಕೆಂದು ತಿಪ್ಪೇಶ್ ಸಂಘದ ಡಾಕ್ಟರಿಗೆ ಕೈಮುಗಿದು ಕೇಳಿಕೊಂಡರು. ನಾಲ್ಕನೇ ವರ್ಷನ್ ಕಟ್ಟುತ್ತಿದ್ದ ಮೂವರೂ ಕೆಲಸ ನಿಲ್ಲಿಸಿ ಕೇಂದ್ರಗಳಿಗೆ ಹೊರಟರು. ಬಿ.ದುರ್ಗಕ್ಕೆ ತಿಪ್ಪೇಶ್ ತಾವೇ ಬೈಕು ತೆಗೆದರು. "ಹತ್ತು, ಹೋಗಾಣ" ಎಂದರು.

ಆ ಎಂಟು ದಿನ ನಾನು ಮೋಡ ಕಂಡರೆ ಹೆದರುತ್ತಿದ್ದೆ. ಹೊಳಲ್ಕೆರೆ ಕಡೆ ಮಳೆ ಬಿದ್ದಿರಲಿಲ್ಲ, ಹುಲ್ಲು ಚಿಗುರಿರಲಿಲ್ಲ, ಅದೊಂದೇ ನಮಗಿದ್ದ ವ್ಯವಧಾನ. ಹೊಲ ಹಸನು ಮಾಡಿ ಆಕಾಶ ನೋಡುತ್ತಾ ನಿಂತ ರೈತರ ನಡುವೆ ಓಡಾಡುತ್ತಾ, ಇನ್ನು ನಾಲ್ಕು ದಿನ ಬರಬೇಡಪ್ಪ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಬಯಲುಸೀಮೆಯಲ್ಲಿ ಹುಟ್ಟಿ ಮಳೆ ಬೇಡವೆಂದು ಕೇಳಿಕೊಂಡ ಪಾಪಿ ನಾನೊಬ್ಬಳೇ ಇರಬೇಕು. ಕುರಿಯ ದವಡೆ ಹಿಡಿದು ಬಾಯಿ ತೆಗೆಸುವುದನ್ನು ಬಿ.ದುರ್ಗದಲ್ಲಿ ಕಲಿತೆ. ಸಣ್ಣ ಬಿಳಿ ಹಾಲುಹಲ್ಲುಗಳು ಕಂಡ ಕೂಡಲೇ ಕೂಗುತ್ತಿದ್ದೆ, ಲಸಿಕೆಯವನು ಬರುತ್ತಿದ್ದ. ಕೈಗೆಲ್ಲ ಜೊಲ್ಲು, ಸೀರೆಗೆಲ್ಲ ಹಿಕ್ಕೆ. ಏಳು ವರ್ಷದ ಕುರಿಯೆಂದು ನಮ್ಮ ಪಟ್ಟಿ ಹೇಳುತ್ತಿದ್ದ ಒಂದು ಮರಿ ನನ್ನ ಬೆರಳನ್ನೇ ಚೀಪಲು ಶುರು ಮಾಡಿತು. ಅಲ್ಲೇ ಬೇಲಿಯ ಪಕ್ಕ ಕೂತು ಅತ್ತುಬಿಟ್ಟೆ. ತಿಪ್ಪೇಶ್ ನೋಡಿಯೂ ನೋಡದವರಂತೆ ಮುಂದಿನ ಮರಿ ಹಿಡಿದುಕೊಂಡರು.

ಕೊನೆಯ ಹಿಂಡು ಮುಗಿದು ವಾರ ಕಳೆದ ಮೇಲೆ ಆರಿದ್ರಾ ಮಳೆ ಬಂತು, ಹೊಳಲ್ಕೆರೆಯಿಂದ ಹೊಸದುರ್ಗದ ತನಕ ಒಂದೇ ಸಮನೆ. ಹುಲ್ಲು ಎದ್ದಿತು. ಫೋನು ಹೊಡೆದಾಗಲೆಲ್ಲ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಯಾವ ಊರಿನಿಂದಲೂ ಮರಿ ಸತ್ತ ಸುದ್ದಿ ಬರಲಿಲ್ಲ.

ಸಂಘದವರಿಗೆ ತಿಪ್ಪೇಶ್ ಊದಿದ ಪಟ್ಟಿಯನ್ನೇ ತೋರಿಸಿದರು. ಬೈಸಿಕೊಂಡರು. ನಾಲ್ಕನೇ ವರ್ಷನ್ ದೀಪಾವಳಿ ದಾಟಿದ ಮೇಲೆ ಹೊರಬಂತು. ಅದರಲ್ಲಿ ನಂಬರು ಹಾಕಿದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: 'ಈ ಬಿಲ್ಲೆ ಈಗ ಯಾರ ಕೊರಳಲ್ಲಿದೆ?' ಹಳೆಯ ದೂರುಗಳನ್ನೆಲ್ಲ ಒಂದೊಂದಾಗಿ ಮುಗಿಸಿ, ಕೊನೆಗೆ ಓಬಣ್ಣನ ಆ ದೂರೊಂದೇ ಉಳಿದಾಗ ಅವನಿಗೆ ಫೋನು ಮಾಡಿದೆ. ಅದನ್ನು ಮುಚ್ಚುವ ಹಕ್ಕು ನನಗಿಲ್ಲ, ನೀವೇ ಮುಚ್ಚಿ ಎಂದೆ.

"ಅದು ಇರ್ಲಿ ಬಿಡ್ರಿ ಮೇಡಮ್ಮೋರೆ" ಎಂದ ಓಬಣ್ಣ.

ಹಾಗಾಗಿ ಪಟ್ಟಿ ಕೊನೆಗೂ ಸೊನ್ನೆಯಾಗಲಿಲ್ಲ. ಒಂದಕ್ಕೆ ನಿಂತಿತು.

ಆ ಕೆಲಸ ಬಿಡುವ ಮೊದಲು ಇನ್ನೊಂದು ಸಲ ಜವನಗೊಂಡನಹಳ್ಳಿಗೆ ಹೋಗಿದ್ದೆ. ಗೂಟದಲ್ಲಿ ನಾಲ್ಕು ಬಿಲ್ಲೆಗಳಿರಲಿಲ್ಲ. ಸತ್ತ ಮರಿಗಳ ಅಕ್ಕಂದಿರು ಹಿಂಡಿನಲ್ಲಿದ್ದರು, ಅವುಗಳಿಗೆ ಹುಟ್ಟಿದ ಹೆಣ್ಣುಮರಿಗಳಿಗೆ ಕಟ್ಟಿದ್ದಾಗಿತ್ತು. ಐದನೆಯದಕ್ಕೆ ಅಕ್ಕನೂ ಇರಲಿಲ್ಲ, ತಂಗಿಯೂ ಇರಲಿಲ್ಲ. ಕೆಂಚಮ್ಮ ಅದನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದಳು. "ಈ ಮನೆ ಮುಗೀತು. ಬೇರೆ ಮನೆ ಮರಿಗೆ ಕಟ್ಟಾಕೆ ಬರಲ್ಲ. ನೀನಿಟ್ಕ" ಎಂದಳು. ಅವಳು ಕೊಟ್ಟದ್ದು ಕ್ಷಮಿಸಿಯೋ, ಮರೆಯಬೇಡ ಎಂದೋ, ನನಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ.

ಬಸ್ಸು ಹೊಳಲ್ಕೆರೆ ಬಿಟ್ಟು ಬಹಳ ದೂರ ಬಂದಿತ್ತು. ತೆಂಗಿನ ತೋಟಗಳು ಶುರುವಾಗಿದ್ದವು. ಪಕ್ಕದ ಅಜ್ಜ ಆಗಿನಿಂದ ನನ್ನ ಬ್ಯಾಗನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಕೈ ಚಾಚಿ ಬಿಲ್ಲೆ ಹಿಡಿದ, ಉಣ್ಣೆದಾರದ ಗಂಟನ್ನು ಹೆಬ್ಬೆರಳಿನಿಂದ ಸವರಿದ.

"ಇದನ್ನ ಮಗಳಿಗೆ ಕಟ್ಲಿಲ್ವೇನವ್ವ?"

"ಮಗಳಿಲ್ಲ ಅಜ್ಜ. ಇದು ಸತ್ತ ಮರಿದು. ಲಸಿಕೆ ಪಟ್ಟಿ ನೋಡ್ತಿದ್ದೋಳು ನಾನು. ಇದನ್ನ ಬಿಟ್ಟುಬಿಟ್ಟೆ."

ಅಜ್ಜ ಬಿಲ್ಲೆ ಬಿಡಲಿಲ್ಲ. "ಎಷ್ಟು ಹೋದ್ವು?" ಎಂದ.

ಆ ಮಳೆಗಾಲದ ನಂತರ ಆ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಎಷ್ಟು ಮುಗಿಸಿದೆ, ಎಷ್ಟು ಉಳಿದಿವೆ ಎಂದು ಕೇಳಿದವರೇ ಎಲ್ಲರೂ.

"ಐದು" ಎಂದೆ.